ಆಯ್ಕೆಯನ್ನು ಮುಂದಿಡುವ ರೀತಿ ಹಾಗೂ ದಾಖಲೆಯ ಪ್ರಾಮಾಣಿಕತೆ

ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ

ಪೀಠಿಕೆ: ಸುಳ್ಳು ದಾಖಲೆಗೆ ದುರುದ್ದೇಶವೊಂದೇ ಕಾರಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಒಂದೇ ವಿಷಯವನ್ನು ಯಾವ ಮಾತಿನಲ್ಲಿ ಮುಂದಿಡಲಾಗಿದೆ ಎಂಬುದೂ ಸಜ್ಜನರನ್ನು ತಪ್ಪು ದಾರಿಗೆ ಎಳೆಯಬಲ್ಲದು.

ಅಧ್ಯಯನದ ಆಧಾರ: ಮೇರಿ ಕರ್ನ್ ಮತ್ತು ಡಾಲಿ ಚುಗ್ ಎಂಬ ಸಂಶೋಧಕರು 2009ರಲ್ಲಿ ಮೂರು ಪ್ರಯೋಗಗಳ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಸನ್ನಿವೇಶವನ್ನು ಕೆಲವರಿಗೆ ‘ಲಾಭದ ಸಾಧ್ಯತೆ’ಯೆಂದೂ, ಉಳಿದವರಿಗೆ ‘ನಷ್ಟದ ಸಾಧ್ಯತೆ’ಯೆಂದೂ ತಿಳಿಸಲಾಯಿತು. ನಷ್ಟದ ಮಾತನ್ನು ಕೇಳಿದವರು ಹೆಚ್ಚು ಅನೈತಿಕವಾಗಿ ನಡೆದುಕೊಂಡರು. ಚೌಕಾಶಿಯಲ್ಲಿ ಹೆಚ್ಚು ಸುಳ್ಳಾಡಿದರು. ಮೂರನೆಯ ಪ್ರಯೋಗದಲ್ಲಿ ಕಾಲದ ಒತ್ತಡವನ್ನು ತೆಗೆದಾಗ ಈ ವ್ಯತ್ಯಾಸವೇ ಇಲ್ಲವಾಯಿತು.

ನಮ್ಮಲ್ಲಿ ಇದರ ಅನ್ವಯ: ನಷ್ಟದ ಭಯ ಮತ್ತು ಕಾಲದ ಒತ್ತಡ ಎರಡೂ ಕೂಡಿ ಬರುವ ದಿನಾಂಕ ಮಾರ್ಚ್ 31. ಅನಮೋಡದಂತಹ ಘಟ್ಟದ ಪ್ರದೇಶದಲ್ಲಿ ಮಜಿರೆಗಳು ಕಾಡಿನ ನಡುವೆ ಚದುರಿವೆ; ಸಾಮಗ್ರಿ ಸಾಗಾಟ ನಿಧಾನ; ಮಳೆಗಾಲದಲ್ಲಿ ಕೆಲಸ ಸಾಗದು.

ಉದಾಹರಣೆಗೆ, 100 ಮೀಟರ್ ಕಾಂಕ್ರೀಟ್ ರಸ್ತೆಯಲ್ಲಿ 80 ಮೀಟರ್ ಮುಗಿದಿದೆಯೆಂದು ಭಾವಿಸೋಣ. ಸಭೆಯಲ್ಲಿ ಇದನ್ನು ಎರಡು ರೀತಿಯಲ್ಲಿ ಹೇಳಬಹುದು.

ಅ) “ಈಗಲೇ ಬಿಲ್ಲು ಮಾಡದಿದ್ದರೆ 20 ಮೀಟರಿನ ಹಣ ಕೈತಪ್ಪಿ ಹೋಗುತ್ತದೆ.”
ಆ) “80 ಮೀಟರ್ ಸಿದ್ಧವಾಗಿದೆ. ಅಷ್ಟಕ್ಕೆ ಬಿಲ್ಲು ಮಾಡೋಣ. ಉಳಿದ 20 ಮೀಟರನ್ನು ಮುಂದಿನ ಕ್ರಿಯಾ ಯೋಜನೆಗೆ ಸೇರಿಸೋಣ.”

ಸ್ಥಳದ ಸ್ಥಿತಿ ಒಂದೇ. ಆದರೆ ಮೊದಲ ಮಾತು ಅಳತೆ ಪುಸ್ತಕದಲ್ಲಿ 100 ಎಂದು ಬರೆಯಲು ಪ್ರೇರೇಪಿಸುತ್ತದೆ. “ಹಣ ಊರಿಗೇ ತಾನೆ” ಎಂಬ ಸಮಾಧಾನವೂ ಜೊತೆಗೂಡುತ್ತದೆ. ಪರಿಣಾಮವನ್ನು ಗಮನಿಸಿರಿ: ಕಾಗದದಲ್ಲಿ ಮುಗಿದ ರಸ್ತೆಗೆ ಮತ್ತೆ ಅನುದಾನ ಕೇಳಲಾಗದು. ಆ 20 ಮೀಟರ್ ಕೆಸರನ್ನು ಶಾಲೆಯ ಮಕ್ಕಳೂ, ಆಸ್ಪತ್ರೆಗೆ ಹೊರಟ ಗರ್ಭಿಣಿಯೂ ಪ್ರತಿ ಮಳೆಗಾಲದಲ್ಲಿ ದಾಟಬೇಕಾಗುತ್ತದೆ. ಉಳಿಸಿಕೊಂಡೆವೆಂದು ತಿಳಿದದ್ದನ್ನೇ ನಾವು ಶಾಶ್ವತವಾಗಿ ಕಳೆದುಕೊಂಡಿರುತ್ತೇವೆ.

ಗ್ರಾಮ ಸಭೆಯ ಪ್ರಶ್ನೆ: ವಸತಿ ಫಲಾನುಭವಿಗಳ ಪಟ್ಟಿಯನ್ನು ಓದಿ “ಯಾರದೂ ಆಕ್ಷೇಪವಿಲ್ಲ ತಾನೆ?” ಎಂದು ಕೇಳಿದರೆ ಮೌನವೇ ಉತ್ತರವಾಗುತ್ತದೆ. “ಈ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ? ಈಗಾಗಲೇ ಪಕ್ಕಾ ಮನೆಯುಳ್ಳವರು ಯಾರಿದ್ದಾರೆ?” ಎಂದು ಕೇಳಿದಾಗ ಸತ್ಯ ನುಡಿಯುವುದು ಸುಲಭವಾಗುತ್ತದೆ.

ಎಚ್ಚರಿಕೆ: ನಮೂನೆಯ ಮೇಲ್ಭಾಗದಲ್ಲೇ ಸಹಿ ಪಡೆದರೆ ಜನರು ಸತ್ಯವನ್ನೇ ಬರೆಯುತ್ತಾರೆಂದು 2012ರಲ್ಲಿ ಪ್ರಕಟವಾದ ಪ್ರಸಿದ್ಧ ಸಂಶೋಧನಾ ಲೇಖನವನ್ನು 2021ರಲ್ಲಿ ಹಿಂಪಡೆಯಲಾಯಿತು. ಆದುದರಿಂದ ಮಾತಿನ ಬದಲಾವಣೆಯೊಂದನ್ನೇ ನಂಬಬಾರದು. ಸ್ಥಳ ಪರಿಶೀಲನೆ ಮತ್ತು ಸಾಮಾಜಿಕ ಪರಿಶೋಧನೆಗೆ ಅದು ಬದಲಿಯಲ್ಲ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು:
1. ಅಪೂರ್ಣ ಕಾಮಗಾರಿಗಳ ಪಟ್ಟಿಯನ್ನು ಜನವರಿ ಸಭೆಯಲ್ಲೇ ಕೇಳಿ ಪಡೆಯುವುದು.
2. ಚರ್ಚೆಯನ್ನು ‘ಆಗಿರುವುದೆಷ್ಟು’ ಎಂಬುದರಿಂದ ಆರಂಭಿಸುವುದು.
3. ಅಳತೆಯ ದಿನ ವಾರ್ಡಿನ ಸದಸ್ಯರು ಸ್ಥಳದಲ್ಲಿ ಹಾಜರಿರುವುದು.
4. “ಇಂದೇ ಆಗಬೇಕು” ಎಂಬ ಕಡತವನ್ನು ಇನ್ನೊಬ್ಬರೂ ಓದಿದ ನಂತರವೇ ಒಪ್ಪುವುದು.

ಚರ್ಚೆಗೆ: ನಿಮ್ಮ ವಾರ್ಡಿನಲ್ಲಿ ದಾಖಲೆಯಲ್ಲಿ ಮುಗಿದು, ನೆಲದಲ್ಲಿ ಮುಗಿಯದ ಕಾಮಗಾರಿ ಯಾವುದು? ಅದರ ನಷ್ಟವನ್ನು ಇಂದು ಅನುಭವಿಸುತ್ತಿರುವವರು ಯಾರು?