ಕಡಲಡಿಯಿಂದ ಮೇಲೇರುವ ವಿದ್ಯೆ

ರಜೆಯ ದಿನಗಳನ್ನು ಕಡಲ ಮೇಲೆ ಕಳೆಯುವುದು ಈಗ ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಅಮೆರಿಕದ ಮಯಾಮಿ ಬಂದರಿನಿಂದ ಹೊರಡುವ ವಿಹಾರನೌಕೆಗಳಲ್ಲಿ ತಂದೆತಾಯಿಗಳೂ ಮಕ್ಕಳೂ ಒಟ್ಟಾಗಿ ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಸುತ್ತಿ ಬರುತ್ತಾರೆ. ನೌಕೆಯು ಮೆಕ್ಸಿಕೋ ದೇಶಕ್ಕೆ ಸೇರಿದ ಕೊಜುಮೆಲ್ ದ್ವೀಪದಲ್ಲಿ ಒಂದು ಹಗಲು ತಂಗಿತೆಂದರೆ, ಪ್ರಯಾಣಿಕರಲ್ಲಿ ಕೆಲವರು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಅಲ್ಲಿಯ ಹವಳದ ದಿಬ್ಬಗಳನ್ನು ನೋಡಲು ನೀರಿಗಿಳಿಯುತ್ತಾರೆ. ಈ ಬಗೆಯ ಮುಳುಗುವಿಕೆಗೆ ಸ್ಕೂಬಾ ಎಂದು ಹೆಸರು. ನೀರಿನಡಿಯಲ್ಲಿ ಉಸಿರಾಡಲು ನೆರವಾಗುವ ಸ್ವಯಂಪೂರ್ಣ ಸಾಧನ ಎಂಬ ಅರ್ಥದ ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಹುಟ್ಟಿತು.

ಈ ವಿಹಾರದಲ್ಲಿ ಅಪಾಯವಿರುವುದು ಎಲ್ಲಿ? ಆಳದಲ್ಲಿ ಎಂದು ಯಾರಾದರೂ ಥಟ್ಟನೆ ಹೇಳಬಹುದು. ಭೌತಶಾಸ್ತ್ರವು ಕೊಡುವ ಉತ್ತರವೇ ಬೇರೆ. ಇಳಿಯುವುದಕ್ಕಿಂತ ಮೇಲೇರುವಾಗ ಹೆಚ್ಚು ಎಚ್ಚರ ಬೇಕು. ಅದರಲ್ಲಿಯೂ ನೀರಿನ ಮಟ್ಟಕ್ಕೆ ತೀರ ಸಮೀಪವಾದ ಕೊನೆಯ ಹತ್ತು ಮೀಟರುಗಳಲ್ಲಿ. ಇದರ ಕಾರಣವನ್ನು ಪರಿಶೀಲಿಸೋಣ.

ನೀರಿನ ಭಾರ

ನಮ್ಮ ಮೈಯನ್ನು ವಾಯುಮಂಡಲವು ಎಲ್ಲ ಕಡೆಯಿಂದಲೂ ಸದಾ ಒತ್ತುತ್ತಿರುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡವನ್ನು ಒಂದು ವಾಯುಭಾರವೆಂದು ಕರೆಯೋಣ. ನೀರು ಗಾಳಿಗಿಂತ ಬಹಳ ಭಾರವಾದುದು. ಸುಮಾರು 10 ಮೀಟರ್ ಎತ್ತರದ ಸಮುದ್ರದ ನೀರಿನ ಕಂಬವು ಇಡೀ ವಾಯುಮಂಡಲದಷ್ಟೇ ಒತ್ತಡವನ್ನು ಉಂಟುಮಾಡುತ್ತದೆ. ಆದುದರಿಂದ 10 ಮೀಟರ್ ಆಳದಲ್ಲಿ ಒಟ್ಟು ಒತ್ತಡ 2 ವಾಯುಭಾರ, 20 ಮೀಟರಿನಲ್ಲಿ 3, 30 ಮೀಟರಿನಲ್ಲಿ 4.

ರಾಬರ್ಟ್ ಬಾಯಿಲನು 1662ರಲ್ಲಿ ಪ್ರಕಟಿಸಿದ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಉಷ್ಣತೆ ಬದಲಾಗದಿದ್ದರೆ, ಒತ್ತಡ ಎರಡರಷ್ಟಾದಾಗ ಅನಿಲದ ಗಾತ್ರ ಅರ್ಧವಾಗುತ್ತದೆ. ಮೇಲೆ 6 ಲೀಟರ್ ಗಾಳಿ ತುಂಬಿದ ಬಲೂನೊಂದನ್ನು 10 ಮೀಟರ್ ಆಳಕ್ಕೆ ಒಯ್ದರೆ ಅದು 3 ಲೀಟರಿಗೆ ಕುಗ್ಗುತ್ತದೆ. 20 ಮೀಟರಿನಲ್ಲಿ 2 ಲೀಟರ್, 30 ಮೀಟರಿನಲ್ಲಿ ಒಂದೂವರೆ ಲೀಟರ್. ಮೊದಲ ಹತ್ತು ಮೀಟರುಗಳಲ್ಲಿ 3 ಲೀಟರಿನಷ್ಟು ಬದಲಾವಣೆ, ಮುಂದಿನ ಹತ್ತರಲ್ಲಿ 1 ಲೀಟರ್, ಅದರ ಮುಂದಿನ ಹತ್ತರಲ್ಲಿ ಕೇವಲ ಅರ್ಧ ಲೀಟರ್. ಆಳದಲ್ಲಿ ಒತ್ತಡವು ಅಧಿಕ, ನಿಜ. ಆದರೆ ಗಾಳಿಯ ಗಾತ್ರವು ತೀವ್ರವಾಗಿ ಬದಲಾಗುವುದು ಮೇಲ್ಮಟ್ಟದ ಹತ್ತಿರ. ಓದುಗರು ಈ ಒಂದು ಅಂಶವನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಈ ಬದಲಾವಣೆ ಮೊದಲು ಅನುಭವಕ್ಕೆ ಬರುವುದು ಕಿವಿಯಲ್ಲಿ. ನಡುಗಿವಿಯ ಗಾಳಿ ಕುಗ್ಗಿ, ಕಿವಿದಮಟೆಯು ಒಳಕ್ಕೆ ಬಾಗಿ ನೋಯತೊಡಗುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಗಾಳಿಯೂದಿದರೆ ಗಂಟಲಿನಿಂದ ನಡುಗಿವಿಗೆ ಹೋಗುವ ನಾಳವು ತೆರೆದು ಒತ್ತಡ ಸಮನಾಗುತ್ತದೆ. ನೆಗಡಿಯಾದಾಗ ಈ ನಾಳ ಕಟ್ಟಿಕೊಳ್ಳುವುದರಿಂದ ಅಂಥವರು ಮುಳುಗಬಾರದು.

ಸಾಧನದ ಗುಟ್ಟು

ಮೂರು ಮೀಟರ್ ಉದ್ದದ ಕೊಳವೆಯ ಒಂದು ತುದಿಯನ್ನು ನೀರಿನ ಮೇಲಿಟ್ಟು, ಕೆಳಗಿನಿಂದ ಉಸಿರೆಳೆಯಬಹುದಲ್ಲ ಎಂದು ಕೆಲವರಿಗೆ ತೋರಬಹುದು. ಇದು ಆಗದ ಮಾತು. ಅಲ್ಲಿ ನೀರು ಎದೆಯನ್ನು ಒತ್ತುತ್ತಿರುತ್ತದೆ; ಕೊಳವೆಯ ಗಾಳಿಯಾದರೋ ಮೇಲಿನ ಸಾಮಾನ್ಯ ಒತ್ತಡದಲ್ಲಿಯೇ ಇರುತ್ತದೆ. ಆ ವ್ಯತ್ಯಾಸವನ್ನು ಮೀರಿ ಎದೆಯನ್ನು ಅರಳಿಸುವ ಶಕ್ತಿ ನಮ್ಮ ಸ್ನಾಯುಗಳಿಗಿಲ್ಲ. ಉಸಿರಾಡುವ ಗಾಳಿಯೂ ಸುತ್ತಣ ನೀರಿನಷ್ಟೇ ಒತ್ತಡದಲ್ಲಿರಬೇಕು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಹಾಗೂ ಇಂಜಿನಿಯರ್ ಎಮಿಲ್ ಗಾಗ್ನಾನ್ ಅವರು ರೂಪಿಸಿದ ಸಾಧನದ ಕವಾಟವು ಮಾಡುವ ಕೆಲಸ ಇದೇ. ಮುಳುಗುಗಾರನು ಉಸಿರೆಳೆದಾಗ ಮಾತ್ರ ಅದು ತೆರೆದು, ಆ ಆಳಕ್ಕೆ ತಕ್ಕ ಒತ್ತಡದ ಗಾಳಿಯನ್ನು ಒದಗಿಸುತ್ತದೆ.

ಈ ಅನುಕೂಲಕ್ಕೆ ಬೆಲೆಯುಂಟು. ವಾಡಿಕೆಯ ಸಿಲಿಂಡರೊಂದರಲ್ಲಿ, ಮೇಲಿನ ಒತ್ತಡದಲ್ಲಿ ಅಳೆದರೆ, ಸುಮಾರು 2,200 ಲೀಟರ್ ಗಾಳಿಯನ್ನು ಅದುಮಿ ತುಂಬಿರುತ್ತಾರೆ. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬೇಕಾಗುವವನಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು. ಕಾಲು ಪಾಲನ್ನು ಆಪತ್ತಿಗೆಂದು ಉಳಿಸಿಕೊಂಡರೆ ಅವನಿಗೆ ದೊರೆಯುವುದು ಸುಮಾರು 27 ನಿಮಿಷ ಮಾತ್ರ.

ಉಸಿರನ್ನು ಬಿಗಿಹಿಡಿಯಬಾರದು

ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪುಗಳನ್ನು ಆಯುತ್ತಿದ್ದವರು ಉಸಿರು ಬಿಗಿಹಿಡಿದೇ ಮುಳುಗುತ್ತಿದ್ದರು, ಬಿಗಿಹಿಡಿದೇ ಏಳುತ್ತಿದ್ದರು. ಅವರ ಎದೆಯೊಳಗಿನ ಗಾಳಿ ಇಳಿಯುವಾಗ ಕುಗ್ಗಿ, ಏರುವಾಗ ಮೊದಲಿನ ಗಾತ್ರಕ್ಕೆ ಮರಳುತ್ತಿತ್ತು. ಸ್ಕೂಬಾ ಮುಳುಗುಗಾರನ ಸ್ಥಿತಿ ಹಾಗಲ್ಲ. 10 ಮೀಟರ್ ಆಳದಲ್ಲಿ ಅವನು ಶ್ವಾಸಕೋಶದ ತುಂಬ ಎಳೆದುಕೊಂಡ 6 ಲೀಟರ್ ಗಾಳಿಯು ಎರಡು ವಾಯುಭಾರದ ಗಾಳಿ. ಭಯಗೊಂಡು ಬಾಯಿ ಬಿಗಿದು ಅವನು ಮೇಲಕ್ಕೆ ಚಿಮ್ಮಿದರೆ ಆ ಗಾಳಿಗೆ 12 ಲೀಟರಿನ ಸ್ಥಳ ಬೇಕಾಗುತ್ತದೆ. ಅಷ್ಟು ಸ್ಥಳ ಎದೆಯಲ್ಲಿ ಎಲ್ಲಿಯದು? ಶ್ವಾಸಕೋಶದ ನವುರಾದ ಗಾಳಿಗೂಡುಗಳು ಹರಿದು, ಗಾಳಿಯ ಗುಳ್ಳೆಗಳು ರಕ್ತವನ್ನು ಸೇರಿ, ಮಿದುಳಿನ ರಕ್ತನಾಳಗಳನ್ನು ಅಡ್ಡಗಟ್ಟಬಹುದು. ತುಂಬಿದ ಎದೆಯಿದ್ದರೆ ಈ ಅನಾಹುತಕ್ಕೆ ಒಂದೆರಡು ಮೀಟರ್ ಆಳವೂ ಸಾಕು. ಈಜುಕೊಳದಲ್ಲಿಯೂ ಇದು ಸಂಭವಿಸಬಹುದು.

ಆದುದರಿಂದಲೇ ಸ್ಕೂಬಾ ಶಿಕ್ಷಣದ ಮೊದಲ ಸೂತ್ರ: ಉಸಿರಾಟವನ್ನು ಎಂದೂ ನಿಲ್ಲಿಸಬೇಡಿ. ಗಾಬರಿಯಾದಾಗ ಉಸಿರು ಬಿಗಿಹಿಡಿಯುವುದು ನೆಲದ ಪ್ರಾಣಿಯಾದ ಮನುಷ್ಯನಿಗೆ ಸಹಜ. ಆ ಸಹಜಗುಣವನ್ನು ಅಭ್ಯಾಸದಿಂದ ಗೆಲ್ಲಬೇಕು. ಹಲವು ತರಬೇತಿ ಸಂಸ್ಥೆಗಳು ಹತ್ತು ವರ್ಷ ತುಂಬದ ಮಕ್ಕಳನ್ನು ಕಡಲಿನಲ್ಲಿ ಹೀಗೆ ಇಳಿಸುವುದಿಲ್ಲ; ಹೊಸಬರನ್ನು ಶಿಕ್ಷಕರ ಜೊತೆಯಲ್ಲಿಯೂ 12 ಮೀಟರಿಗಿಂತ ಕೆಳಕ್ಕೆ ಒಯ್ಯುವುದಿಲ್ಲ.

ಗೋಲಿ ಸೋಡದ ಪಾಠ

ಎರಡನೆಯ ಅಪಾಯವು ಹೆಚ್ಚು ಸೂಕ್ಷ್ಮವಾದುದು. ಗೋಲಿ ಸೋಡದ ಸೀಸೆಯನ್ನು ನೆನೆಯಿರಿ. ಗೋಲಿಯು ಬಾಯನ್ನು ಮುಚ್ಚಿರುವ ತನಕ ನೀರು ತಿಳಿಯಾಗಿರುತ್ತದೆ. ಗೋಲಿಯನ್ನು ಒಳಕ್ಕೆ ತಳ್ಳಿದೊಡನೆ ಒತ್ತಡವಿಳಿದು ಗುಳ್ಳೆಗಳು ಬುಸ್ಸೆಂದು ಏಳುತ್ತವೆ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ ಎಂದು 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿಕೊಟ್ಟ ನಿಯಮವೇ ಇಲ್ಲಿ ಕೆಲಸ ಮಾಡುತ್ತದೆ.

ಮುಳುಗುಗಾರನ ದೇಹವೂ ಒಂದು ಬಗೆಯ ಸೋಡ ಸೀಸೆಯೇ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಆಮ್ಲಜನಕವನ್ನು ದೇಹ ಬಳಸಿಕೊಳ್ಳುತ್ತದೆ. ಸಾರಜನಕಕ್ಕೆ ಅಂಥ ಉಪಯೋಗವಿಲ್ಲದುದರಿಂದ ಅದು ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಸುಮ್ಮನೆ ಕರಗಿ ಸೇರುತ್ತದೆ. ನಿಧಾನವಾಗಿ ಮೇಲೇರಿದರೆ ಅದು ಉಸಿರಿನೊಡನೆ ಹೊರಬೀಳುತ್ತದೆ. ಅವಸರದಿಂದ ಏರಿದರೆ ಕೀಲುಗಳಲ್ಲಿ, ನರಗಳಲ್ಲಿ, ಬೆನ್ನುಹುರಿಯಲ್ಲಿ ಗುಳ್ಳೆಯಾಗಿ ಏಳುತ್ತದೆ. ತಡೆಯಲಾರದ ಕೀಲುನೋವು, ಕೆಲವೊಮ್ಮೆ ಪಾರ್ಶ್ವವಾಯು, ಅಪರೂಪಕ್ಕೆ ಮರಣ ಇದರ ಫಲ.

ಈ ರೋಗವು ಸೇತುವೆಗಳನ್ನು ಕಟ್ಟುವಾಗಲೂ ಕಾಣಿಸಿಕೊಂಡಿತು. ನದಿಯ ತಳದಲ್ಲಿ ಅಸ್ತಿವಾರ ಅಗೆಯಲು ಒತ್ತಿದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ದುಡಿದ ಕೆಲಸಗಾರರು ಹೊರಬಂದ ಮೇಲೆ ನೋವಿನಿಂದ ಒದ್ದಾಡುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗನೇ 1872ರಲ್ಲಿ ಇದಕ್ಕೆ ತುತ್ತಾದನು. 1883ರಲ್ಲಿ ಸೇತುವೆ ಮುಗಿಯುವ ತನಕ ಆತನ ಪತ್ನಿ ಎಮಿಲಿಯು ಆತನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತಿದ್ದಳು. ಸಾರಜನಕದ ಗುಳ್ಳೆಗಳೇ ಇದರ ಕಾರಣವೆಂದು ಫ್ರೆಂಚ್ ವಿಜ್ಞಾನಿ ಪಾಲ್ ಬೆರ್ 1878ರಲ್ಲಿ ಸಿದ್ಧಪಡಿಸಿದನು.

ಹಾಲ್ಡೇನರ ಮೇಕೆಗಳು

ಎಷ್ಟು ನಿಧಾನವಾಗಿ ಏರಿದರೆ ಕ್ಷೇಮ? ಇದನ್ನು ಲೆಕ್ಕಕ್ಕೆ ತಂದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನರು. ಅವರೂ ಅವರ ಜೊತೆಗಾರರೂ ಲಂಡನ್ನಿನಲ್ಲಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ಒತ್ತಡವನ್ನು ಬೇಗನೆ ಇಳಿಸಿದಾಗ ಮೇಕೆಯು ನೋಯುವ ಮುಂಗಾಲನ್ನು ಮಡಿಸಿ ಎತ್ತಿಕೊಳ್ಳುತ್ತಿತ್ತು. ಒತ್ತಡವನ್ನು ಒಮ್ಮೆಗೆ ಅರ್ಧದಷ್ಟು ಇಳಿಸಿ, ಅಲ್ಲಿ ತಡೆದು, ಬಳಿಕ ಹಂತಹಂತವಾಗಿ ಮುಂದುವರಿಯಬೇಕೆಂಬುದು ಅವರ ನಿರ್ಣಯ. ಈ ಆಧಾರದ ಮೇಲೆ ಅವರು ರಚಿಸಿದ ಕೋಷ್ಟಕಗಳು 1908ರಲ್ಲಿ ಪ್ರಕಟವಾದುವು. ಅವರ ಮಗನಾದ ಜೆ.ಬಿ.ಎಸ್. ಹಾಲ್ಡೇನರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡದ ಕೋಣೆಯೊಳಗೆ ತಾವೇ ಕುಳಿತು ಪ್ರಯೋಗಗಳನ್ನು ನಡೆಸಿದರು. 1957ರಲ್ಲಿ ಭಾರತಕ್ಕೆ ಬಂದು ನೆಲಸಿದ ಅವರು 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಆ ಲೆಕ್ಕಗಳು ಅನಂತರ ಬಹಳ ತಿದ್ದುಪಡಿಗೊಂಡಿವೆ. ಈಗ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ಕಂಪ್ಯೂಟರು ನೀರಿನಡಿಯಲ್ಲಿಯೇ ಅವನ್ನು ಮಾಡುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದಿರುವುದು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ವಿಹಾರಕ್ಕೆ ಮುಳುಗುವವರ ವಾಡಿಕೆಯಾಗಿದೆ. ರೋಗ ತಗುಲಿದವರಿಗೆ ಆಮ್ಲಜನಕವನ್ನು ಕೊಟ್ಟು, ಒತ್ತಡದ ಕೋಣೆಯಲ್ಲಿಟ್ಟು ಗುಳ್ಳೆಗಳನ್ನು ಮತ್ತೆ ಕರಗಿಸುತ್ತಾರೆ.

ನೌಕೆಯಿಂದ ವಿಮಾನಕ್ಕೆ

ನೀರಿನಿಂದ ಹೊರಬಂದೊಡನೆ ಮೇಲೇರುವುದು ಮುಗಿಯಿತೆನ್ನುವಂತಿಲ್ಲ. ಕರಗಿದ ಸಾರಜನಕವು ಪೂರ್ತಿಯಾಗಿ ಹೊರಬೀಳಲು ಹಲವು ಗಂಟೆಗಳು ಬೇಕು. ಎತ್ತರದಲ್ಲಿ ಹಾರುವ ವಿಮಾನದ ಒಳಗಡೆ ಒತ್ತಡವು ಒಂದು ವಾಯುಭಾರದ ಮುಕ್ಕಾಲು ಪಾಲಿಗೆ ಇಳಿಯಬಹುದು. ದೇಹದ ದೃಷ್ಟಿಯಿಂದ ಇದು ಇನ್ನೊಂದು ಏರಿಕೆಯೇ. 2002ರಲ್ಲಿ ತಜ್ಞರು ಕಲೆತು ಮಾಡಿದ ಸಲಹೆಯಂತೆ, ನಡುವೆ ಕಡ್ಡಾಯದ ತಂಗುವಿಕೆ ಬೇಕಿಲ್ಲದ ಒಂದೇ ಮುಳುಗಿನ ಅನಂತರ ಕಡಮೆಯೆಂದರೆ 12 ಗಂಟೆ, ಹಲವು ಮುಳುಗುಗಳ ಅನಂತರ 18 ಗಂಟೆ ವಿಮಾನವೇರಬಾರದು.

ವಿಹಾರನೌಕೆಯ ವೇಳಾಪಟ್ಟಿ ಇಲ್ಲಿ ತೊಡಕನ್ನು ತರುತ್ತದೆ. ಕೊನೆಯ ದಿನ ಬಹಾಮಾದ ನಸಾವ್ ಬಂದರಿನಲ್ಲಿ ನಿಂತ ನೌಕೆಯು ರಾತ್ರಿಯೆಲ್ಲ ಸಾಗಿ ಬೆಳಗ್ಗೆ ಮಯಾಮಿಯನ್ನು ಸೇರುತ್ತದೆ. ಪ್ರಯಾಣಿಕರು ನೇರವಾಗಿ ವಿಮಾನನಿಲ್ದಾಣಕ್ಕೆ ಧಾವಿಸುತ್ತಾರೆ. ಜಾಣ ಕುಟುಂಬವು ಮುಳುಗುವ ಸಂತೋಷವನ್ನು ಪ್ರಯಾಣದ ಮೊದಲ ಬಂದರುಗಳಲ್ಲಿಯೇ ಪಡೆದು, ಕೊನೆಯ ದಿನವನ್ನು ನೆಲದ ಮೇಲೆ ಕಳೆಯುತ್ತದೆ.

ಇದು ದೂರದೇಶದ ಮಾತಷ್ಟೇ ಅಲ್ಲ. ಮುರುಡೇಶ್ವರದ ಕಡಲಿನಾಚೆ ಇರುವ ನೇತ್ರಾಣಿ ದ್ವೀಪದಲ್ಲಿ ನಮ್ಮವರೂ ಸ್ಕೂಬಾ ಕಟ್ಟಿ ಮುಳುಗುತ್ತಾರೆ. ಸುಮಾರು 600 ಮೀಟರನ್ನು ಮೀರಿದ ಎತ್ತರಕ್ಕೂ ತಜ್ಞರು ಇದೇ ಎಚ್ಚರಿಕೆಯನ್ನು ಹೇಳುತ್ತಾರೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಮಧ್ಯಾಹ್ನ ಮುಳುಗೆದ್ದು ಸಂಜೆಯೇ ಘಟ್ಟ ಹತ್ತುವವರು ಒಂದು ರಾತ್ರಿ ಕರಾವಳಿಯಲ್ಲಿ ತಂಗುವುದು ಲೇಸು.

ಸಾಧನ ಎಷ್ಟೇ ಉತ್ತಮವಾಗಿರಲಿ, ಬಾಯಿಲನ ನಿಯಮಕ್ಕಾಗಲಿ ಹೆನ್ರಿಯ ನಿಯಮಕ್ಕಾಗಲಿ ಅದು ರಿಯಾಯಿತಿ ಕೊಡಿಸಲಾರದು. ಆ ನಿಯಮಗಳನ್ನು ಅರಿತು, ಸಾವಧಾನದಿಂದ ಮೇಲೇರುವವನಿಗೆ ಮಾತ್ರ ಕಡಲು ತನ್ನ ಹವಳದ ತೋಟವನ್ನು ನಿರ್ಭಯವಾಗಿ ತೋರಿಸುತ್ತದೆ.

ಅಭ್ಯಾಸ

1. ಮೇಲೆ ಹೇಳಿದ ಮುಳುಗುಗಾರನು 10 ಮೀಟರ್ ಆಳದಲ್ಲಿಯೇ ಇದ್ದರೆ, ಕಾಲು ಪಾಲು ಗಾಳಿ ಉಳಿಯುವಂತೆ ಎಷ್ಟು ನಿಮಿಷ ಇರಬಹುದು?

2. ಒಬ್ಬರು ಕೊನೆಯ ಬಂದರಿನಲ್ಲಿ ಎರಡು ಬಾರಿ ಮುಳುಗಿ, ಮಧ್ಯಾಹ್ನ 3 ಗಂಟೆಗೆ ಮೇಲೆ ಬಂದರು. ಮರುದಿನ ಬೆಳಗ್ಗೆ 8 ಗಂಟೆಯ ವಿಮಾನವನ್ನು ಅವರು ಏರಬಹುದೆ?

ಉತ್ತರ: 1. ಸುಮಾರು 41 ನಿಮಿಷ. 2. ಏರಬಾರದು, ಆಗಿರುವುದು 17 ಗಂಟೆ ಮಾತ್ರ.