ಒಂದು ಕಡಲೆಕಾಯಿಯೂ ಹನ್ನೆರಡು ಜೊತೆ ನರಗಳೂ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲಗಳಲ್ಲಿಯೂ ಹಸಿಯ, ಹುರಿದ, ಬೇಯಿಸಿದ ಕಾಯಿಗಳ ರಾಶಿ. ಆ ಜನಸಂದಣಿಯಲ್ಲಿ ಹುಡುಗನೊಬ್ಬನು ಒಂದು ಕಾಯಿಯನ್ನು ಸುಲಿದು ಬಾಯಿಗೆ ಹಾಕಿಕೊಂಡನೆಂದು ಭಾವಿಸಿರಿ. ಒಂದು ನಿಮಿಷವೂ ಹಿಡಿಯದ ಕೆಲಸ. ಆದರೆ ಅಷ್ಟರೊಳಗೆ ಅವನ ಹನ್ನೆರಡು ಜೊತೆ ಕಪಾಲ ನರಗಳೂ ಒಂದಿಲ್ಲೊಂದು ರೀತಿಯಲ್ಲಿ ದುಡಿದಿರುತ್ತವೆ.

ಕೈಕಾಲು, ಮುಂಡಗಳ ನರಗಳು ಬೆನ್ನೆಲುಬಿನೊಳಗಿನ ಮೆದುಳುಬಳ್ಳಿಯಿಂದ ಕವಲೊಡೆಯುತ್ತವೆ. ಅವು 31 ಜೊತೆ. ಕಪಾಲ ನರಗಳಾದರೋ ಬಹುಮಟ್ಟಿಗೆ ಮೆದುಳಿನಿಂದಲೇ ಹೊರಟು, ತಲೆಬುರುಡೆಯ ತಳದ ರಂಧ್ರಗಳ ಮೂಲಕ ಹೊರಬರುತ್ತವೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನನು ಇವುಗಳನ್ನು ಏಳು ಜೊತೆ ಎಂದು ಎಣಿಸಿದ್ದನು. ನಾವು ಇಂದು ಅನುಸರಿಸುವ ಹನ್ನೆರಡರ ಎಣಿಕೆಯನ್ನು 1778ರಲ್ಲಿ ಜರ್ಮನಿಯ ಸೋಮರಿಂಗ್ ಎಂಬ ವಿದ್ವಾಂಸನು ಕೊಟ್ಟನು. ಇವುಗಳಲ್ಲಿ ನಾಲ್ಕನೆಯದು ನೂಲಿನೆಳೆಯಂತೆ ತೆಳು. ಐದನೆಯದು ಎಲ್ಲಕ್ಕಿಂತ ದಪ್ಪ. ಲಾಲ್‌ಬಾಗಿನ ಆಚೆಗೆ, ಹೊಸೂರು ರಸ್ತೆಯಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿದೆ. ಅಲ್ಲಿನ ಸಂಗ್ರಹಾಲಯದಲ್ಲಿ ನಿಜವಾದ ಮಾನವ ಮೆದುಳುಗಳನ್ನು ಕಾಪಿಟ್ಟಿದ್ದಾರೆ. ಪುಸ್ತಕದ ಹತ್ತು ಚಿತ್ರಗಳಿಗಿಂತ ಅಲ್ಲಿನ ಒಂದು ಗಳಿಗೆ ಹೆಚ್ಚು ಕಲಿಸುತ್ತದೆ.

ಈಗ ನಮ್ಮ ಹುಡುಗನ ಬಳಿಗೆ ಬರೋಣ. ಹುರಿದ ಕಾಯಿಯ ಕಂಪನ್ನು ಮೆದುಳಿಗೆ ಒಯ್ದದ್ದು ಮೊದಲನೆಯ ನರ. ರಾಶಿಯನ್ನು ಕಂಡದ್ದು ಎರಡನೆಯದರಿಂದ. ಒಂದೊಂದು ಕಣ್ಣುಗುಡ್ಡೆಯನ್ನೂ ಹೊರಳಿಸಲು ಆರು ಸ್ನಾಯುಗಳಿವೆ. ನಾಲ್ಕನೆಯ ಮತ್ತು ಆರನೆಯ ನರಗಳು ಒಂದೊಂದು ಸ್ನಾಯುವನ್ನು ಮಾತ್ರ ನಡೆಸುತ್ತವೆ. ಉಳಿದ ನಾಲ್ಕೂ ಮೂರನೆಯ ನರದ ಪಾಲು. ಇವುಗಳಲ್ಲಿ ಒಂದು ಸೋತರೂ ಒಂದು ಕಾಯಿ ಎರಡಾಗಿ ಕಂಡೀತು. ಕಾಳನ್ನು ಅಗಿಯುವ ಬಲ ಐದನೆಯ ನರದ್ದು. ಸಿಪ್ಪೆಯ ಚೂರು ಒಸಡಿಗೆ ಚುಚ್ಚಿದರೆ ಆ ನೋವನ್ನು ತಿಳಿಸುವುದೂ ಅದೇ. ವ್ಯಾಪಾರಿಯ ಕೂಗನ್ನು ಕೇಳಿಸುವ ಎಂಟನೆಯ ನರವೇ ನೂಕುನುಗ್ಗಲಿನಲ್ಲಿ ಅವನನ್ನು ಬೀಳದಂತೆಯೂ ಕಾಯುತ್ತದೆ. ನಾಲಗೆಯ ಮುಂಭಾಗದ ರುಚಿ ಏಳನೆಯದಕ್ಕೆ, ಹಿಂಭಾಗದ್ದು ಒಂಬತ್ತನೆಯದಕ್ಕೆ ಸೇರಿದ್ದು. ನಾಲಗೆಯನ್ನು ಹೊರಳಿಸುವುದು ಹನ್ನೆರಡನೆಯದು. ಯಾರೋ ಕರೆದರೆಂದು ಅವನು ಕತ್ತು ತಿರುಗಿಸಿದನೆ? ಅದು ಹನ್ನೊಂದನೆಯದರ ಕೆಲಸ.

ಹತ್ತನೆಯದರ ಕಥೆಯೇ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಅಲೆಮಾರಿ ಎಂಬರ್ಥದ ವೇಗಸ್ ಎಂಬ ಹೆಸರುಂಟು. ಕತ್ತಿನಲ್ಲಿ ಇಳಿದು, ಎದೆಯನ್ನು ಹಾದು, ಹೊಟ್ಟೆಯವರೆಗೂ ಅದು ಅಲೆಯುತ್ತದೆ. ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ, ಜಠರವನ್ನು ದುಡಿಸುತ್ತದೆ. ಧ್ವನಿಪೆಟ್ಟಿಗೆಗೆ ಹೋಗುವ ಅದರ ಎಡಗವಲು ಎದೆಗೆ ಇಳಿದು, ಮಹಾಧಮನಿಯನ್ನು ಬಳಸಿ, ಮತ್ತೆ ಮೇಲಕ್ಕೇರುತ್ತದೆ. ಆದುದರಿಂದಲೇ ಬಹುಕಾಲ ಧ್ವನಿ ಒಡೆದಿದ್ದರೆ ವೈದ್ಯರು ಎದೆಯನ್ನೂ ಪರೀಕ್ಷಿಸುವುದುಂಟು. ನುಂಗುವಾಗ ಶ್ವಾಸನಾಳವನ್ನು ಮುಚ್ಚಿಸುವುದರಲ್ಲಿಯೂ ಈ ನರದ ಪಾತ್ರ ದೊಡ್ಡದು. ಎಳೆಯ ಮಕ್ಕಳಲ್ಲಿ ಅಗಿಯುವ ಮತ್ತು ನುಂಗುವ ಹೊಂದಾಣಿಕೆ ಇನ್ನೂ ಪಳಗಿರುವುದಿಲ್ಲ. ಐದು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಇಡಿಯ ಕಡಲೆಬೀಜವನ್ನು ಕೊಡಬೇಡಿರಿ; ಅದು ಉಸಿರಿನ ದಾರಿಯನ್ನೇ ಕಟ್ಟಬಲ್ಲದು.

ಏಳನೆಯ ನರಕ್ಕೆ ರುಚಿಯಷ್ಟೇ ಅಲ್ಲ, ಮುಖದ ಭಾವವೆಲ್ಲ ಅಧೀನ. ನಗುವುದು, ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ಜಗಿಯುವಾಗ ತುಟಿಯನ್ನು ಬಿಗಿಹಿಡಿಯುವುದು ಎಲ್ಲವೂ ಅದರಿಂದಲೇ. ಕೆಲವರಿಗೆ ಬೆಳಗ್ಗೆ ಎದ್ದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿರುತ್ತದೆ. ಬಾಯಿ ಮುಕ್ಕಳಿಸಿದರೆ ನೀರು ಸೋರುತ್ತದೆ. ಗಾಳಿ ಸೋಕಿತೆಂದು ಹೇಳಿ ಮನೆಮದ್ದಿನಲ್ಲಿ ದಿನ ಕಳೆಯುವವರು ಇಂದಿಗೂ ಇದ್ದಾರೆ. ಇದನ್ನು ಬಣ್ಣಿಸಿದ ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್‌ನ ಹೆಸರೇ ಈ ಕಾಯಿಲೆಗೆ ಬಂದಿದೆ. ಇಲ್ಲಿ ಮುಖದ ಅರ್ಧಭಾಗವಿಡೀ ಸೋಲುತ್ತದೆ. ಆ ಕಡೆಯ ಹಣೆಯಲ್ಲಿ ನೆರಿಗೆ ಮೂಡದು. ಬಾಯಿ ವಾಲಿದ್ದರೂ ಹಣೆ ನೆರಿಗೆಗಟ್ಟುವಂತಿದ್ದರೆ, ದೋಷವು ನರದಲ್ಲಿರದೆ ಮೆದುಳಿನೊಳಗೇ ಇರಬಹುದು, ಪಾರ್ಶ್ವವಾಯುವಿನಲ್ಲಿ ಹೀಗಾಗುತ್ತದೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡು ಅರ್ಧಗಳಿಂದಲೂ ಆಜ್ಞೆ ಬರುವುದೇ ಇದಕ್ಕೆ ಕಾರಣ. ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ. ಕೂಡಲೇ ಅವರ ಬಳಿಗೆ ಕರೆದೊಯ್ಯುವುದು ಮನೆಯವರ ಕೆಲಸ. ಪಾರ್ಶ್ವವಾಯುವಾದರೆ ಒಂದೊಂದು ಗಂಟೆಯೂ ಬೆಲೆಯುಳ್ಳದ್ದು. ಬೆಲ್‌ನ ಕಾಯಿಲೆಯಾದರೆ ಮೂರು ದಿನಗಳೊಳಗೆ ಔಷಧ ಆರಂಭಿಸಿದಲ್ಲಿ ಮುಖವು ಪೂರ್ತಿ ಮೊದಲಿನಂತಾಗುವ ಸಂಭವ ಹೆಚ್ಚು. ಅಲ್ಲಿಯವರೆಗೆ, ಮುಚ್ಚಲಾರದ ಆ ಕಣ್ಣು ಒಣಗದಂತೆ ಹನಿಮದ್ದು ಹಾಕಿ, ರಾತ್ರಿ ರೆಪ್ಪೆಯನ್ನು ಮುಚ್ಚಿ ಪಟ್ಟಿ ಕಟ್ಟುತ್ತಾರೆ.