ಬಿಡಿಭಾಗಕ್ಕೆ ಮೊದಲು ಕಾರಣ: ಜೀಪು ಮತ್ತು ಹಳೆಯ ಶ್ರೀಮಂತ ಕಾರುಗಳ ಪಾಲನೆಯ ಪಾಠ

ಮೋಟಾರು ವಾಹನದ ದುರಸ್ತಿಯೆಂದರೆ ಕೆಟ್ಟ ಭಾಗವನ್ನು ಕಿತ್ತು ಹೊಸದನ್ನು ಕೂರಿಸುವುದೆಂದು ಹಲವರು ತಿಳಿದಿದ್ದಾರೆ. ಅದು ದುರಸ್ತಿಯ ಕೊನೆಯ ಹೆಜ್ಜೆ. ಆ ಭಾಗ ಕೆಟ್ಟದ್ದೇಕೆ ಎಂದು ವಿಚಾರಿಸುವುದೇ ಮೊದಲನೆಯ ಹೆಜ್ಜೆ. ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಭಾಗ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುವುದು. ಹಣವೂ ಹೋಯಿತು, ಮಾಲೀಕನ ನಂಬಿಕೆಯೂ ಹೋಯಿತು.

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಮಹಾಪೆ, ತುರ್ಭೆಗಳ ಕಡೆ ಗ್ಯಾರೇಜುಗಳಲ್ಲಿ ದುಡಿಯುವವರಿದ್ದಾರೆ, ಧಣಿಗಳ ಕಾರು ನಡೆಸುವವರಿದ್ದಾರೆ, ಕಚೇರಿಗಳಲ್ಲಿ ವಾಹನಗಳ ಲೆಕ್ಕ ಬರೆಯುವ ಗುಮಾಸ್ತರೂ ಇದ್ದಾರೆ. ಸ್ಪಾನರ್ ಎತ್ತಿಕೊಡುವುದನ್ನಷ್ಟೇ ಕಲಿತ ಹುಡುಗ ಹತ್ತು ವರ್ಷ ಕಳೆದರೂ ಹೆಲ್ಪರನಾಗಿಯೇ ಉಳಿಯುತ್ತಾನೆ. ಕಾರಣ ಹುಡುಕಬಲ್ಲವನು ಮೇಸ್ತ್ರಿಯಾಗುತ್ತಾನೆ. ಇಬ್ಬರ ಸಂಬಳದ ಅಂತರವೂ ಅದೇ. ಆದುದರಿಂದ ಈ ಪಾಠಕ್ಕೆ ಒಂದಕ್ಕೊಂದು ಹೋಲದ ಎರಡು ವಾಹನಗಳನ್ನು ಆರಿಸಿದ್ದೇವೆ. ಒಂದು, ಕೆಸರಿನಲ್ಲಿ ಹೊರಳುವ ಜೀಪು. ಇನ್ನೊಂದು, ಅರಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ಶ್ರೀಮಂತ ಕಾರು. ಎರಡಕ್ಕೂ ನಿಯಮ ಒಂದೇ ಎಂಬುದನ್ನು ವಾಚಕರು ಕಾಣುವರು.

1. ಜೀಪು

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಲಕ್ಷಗಟ್ಟಲೆ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ನಮ್ಮ ಮುಂಬಯಿಯಲ್ಲಿಯೇ ಮಹೀಂದ್ರ ಸಂಸ್ಥೆಯವರು ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದರು. ಎತ್ತರದ ಬಾನೆಟ್ಟಿನ ಸಿ.ಜೆ.3ಬಿ ಮಾದರಿ ಇಲ್ಲಿ ದಶಕಗಳ ಕಾಲ ತಯಾರಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಜೀಪು ಮನೆಯ ಎತ್ತಿನಂತೆ ದುಡಿಯಿತು. ಇಂದಿಗೂ ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಏರುವುದು ಜೀಪೇ.

ಜೀಪಿಗೂ ಸಾಧಾರಣ ಕಾರಿಗೂ ಇರುವ ಮುಖ್ಯ ವ್ಯತ್ಯಾಸ ನಾಲ್ಕು ಚಕ್ರಗಳ ಎಳೆತ. ಗೇರ್ ಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿದ್ದು, ಅದು ಶಕ್ತಿಯನ್ನು ಹಿಂದಿನ ಚಕ್ರಗಳಿಗೂ ಮುಂದಿನ ಚಕ್ರಗಳಿಗೂ ಹಂಚುತ್ತದೆ. ಅದರಲ್ಲಿಯೇ ‘ಲೋ’ ಎಂಬ ಸ್ಥಾನವಿದೆ. ಸಿ.ಜೆ. ಜೀಪುಗಳಲ್ಲಿ ಇದು ಎಳೆತದ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿ ವೇಗವನ್ನು ಅಷ್ಟೇ ತಗ್ಗಿಸುವುದು. ಘಟ್ಟ ಇಳಿಯುವಾಗ ಇದನ್ನು ಹಾಕಿದರೆ ಇಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಬ್ರೇಕ್ ಕಾಯ್ದು ಸೋಲುವುದಿಲ್ಲ.

ಇಲ್ಲಿಂದಲೇ ಮೊದಲನೆಯ ಉದಾಹರಣೆ ದೊರೆಯುತ್ತದೆ. ನಾಲ್ಕು ಚಕ್ರದ ಎಳೆತವನ್ನು ಒಣ ಡಾಂಬರು ರಸ್ತೆಯಲ್ಲಿ ಬಳಸಬಾರದೆಂದು ಎಲ್ಲರೂ ಹೇಳುತ್ತಾರೆ. ಏಕೆ? ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ವೃತ್ತವನ್ನೂ ಹಿಂದಿನವು ಚಿಕ್ಕ ವೃತ್ತವನ್ನೂ ಸುತ್ತುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಈ ಅಂತರವನ್ನು ಸರಿಪಡಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲಾರದು, ಹಿಂಡಿದ ಹಗ್ಗದಂತೆ ಶಾಫ್ಟುಗಳಲ್ಲಿ ಬಿಗಿತ ಸೇರುತ್ತದೆ. ಟೈರು ಸವೆಯುತ್ತದೆ, ಲಿವರ್ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಹಲ್ಲು ಮುರಿಯುತ್ತದೆ. ಹೊಸ ಗೇರ್ ಹಾಕಿ ಚಾಲಕನಿಗೆ ಈ ಮಾತನ್ನು ಹೇಳದಿದ್ದರೆ ಆ ಗೇರ್ ಕೂಡ ಮುರಿಯುವುದು ಖಂಡಿತ.

ಎರಡನೆಯದು ನೀರಿನ ಕೇಡು. ಓಡಿ ಬಿಸಿಯಾದ ಜೀಪು ಹಳ್ಳದ ತಣ್ಣೀರಿಗೆ ಇಳಿದಾಗ ಆಕ್ಸಲ್ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಬ್ರೀದರ್ ಎಂಬ ಚಿಕ್ಕ ರಂಧ್ರವಿದೆ. ಅದು ಕೆಸರಿನಿಂದ ಮುಚ್ಚಿದ್ದರೆ ಕುಗ್ಗಿದ ಗಾಳಿಯು ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಒಳಗೆಳೆದುಕೊಳ್ಳುವುದು. ಆಗ ಡಿಫರೆನ್ಶಿಯಲ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣ ಕಂಡೊಡನೆ ಆಯಿಲ್ ಬದಲಿಸಬೇಕು, ಸೀಲನ್ನು ನೋಡಬೇಕು, ಬ್ರೀದರನ್ನು ಶುಚಿಮಾಡಲು ಮಾತ್ರ ಮರೆಯಬಾರದು. ಬೇರಿಂಗ್ ಬದಲಿಸಿ ಬ್ರೀದರನ್ನು ಮರೆತವನು ಅರ್ಧ ಕೆಲಸ ಮಾಡಿದಂತಾಯಿತು. ನೀರಿನಿಂದ ಮೇಲೆ ಬಂದ ಮೇಲೆ ಡ್ರಮ್ ಬ್ರೇಕುಗಳು ಹಿಡಿಯುವುದಿಲ್ಲ. ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿಕೊಂಡು ಮುಂದುವರಿಯತಕ್ಕದ್ದು.

ಮೂರನೆಯದು ಗ್ರೀಸು. ಹಳೆಯ ಜೀಪಿನ ಸ್ಟಿಯರಿಂಗ್ ಕೀಲುಗಳಿಗೂ ಸ್ಪ್ರಿಂಗ್ ಪಟ್ಟಿಗಳ ಕೊಂಡಿಗಳಿಗೂ ಶಾಫ್ಟಿನ ಕ್ರಾಸುಗಳಿಗೂ ಗ್ರೀಸ್ ನಿಪ್ಪಲ್ಲುಗಳಿರುತ್ತವೆ. ಗನ್ ಹಿಡಿಯುವ ಮೊದಲು ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸಬೇಕು. ಇಲ್ಲವಾದರೆ ಗ್ರೀಸಿನೊಂದಿಗೆ ಮರಳನ್ನೂ ತುಂಬಿದಂತಾಗುವುದು. ಹಿಂದಕ್ಕೂ ಮುಂದಕ್ಕೂ ಗೇರ್ ಹಾಕುವಾಗ ‘ಕಟಕ್’ ಎಂಬ ಸದ್ದು ಬಂದರೆ ಮೊದಲು ಕ್ರಾಸುಗಳನ್ನು ಕೈಯಿಂದ ಅಲುಗಿಸಿ ನೋಡಬೇಕು. ಗೇರ್ ಪೆಟ್ಟಿಗೆ ಬಿಚ್ಚುವುದು ಆಮೇಲಿನ ಮಾತು.

2. ಶ್ರೀಮಂತ ಕಾರು

ಮೈಸೂರಿನ ಅರಮನೆಯಲ್ಲಿ ರೋಲ್ಸ್‌ರಾಯ್ಸ್ ಕಾರುಗಳಿದ್ದ ಸಂಗತಿಯನ್ನು ನಮ್ಮ ಹಿರಿಯರು ಬಲ್ಲರು. ಇಂಥ ಹಳೆಯ ಕಾರುಗಳನ್ನು ನೋಡಬಯಸುವವರು ಊರಿಗೆ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹವನ್ನು ನೋಡಬಹುದು. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರೇ ‘ಪಯಣ’ ಎಂಬ ವಾಹನ ಸಂಗ್ರಹಾಲಯವನ್ನು ತೆರೆದಿದ್ದಾರೆ. ಅಲ್ಲಿ ಕಾರಿನ ಹೊಳಪನ್ನು ಮಾತ್ರ ನೋಡಿ ಬರಬೇಡಿ. ಅದನ್ನು ಹಾಗೆ ಇಟ್ಟುಕೊಳ್ಳಲು ಎಷ್ಟು ಕೈಗಳು ದುಡಿದಿರಬೇಕೆಂದು ಯೋಚಿಸಿರಿ.

ಜೀಪಿನಲ್ಲಿ ಆಳು ನೆಲಕ್ಕೆ ಮಲಗಿ ಗ್ರೀಸು ತುಂಬಬೇಕಾದರೆ, 1929ರಲ್ಲಿ ಬಂದ ರೋಲ್ಸ್‌ರಾಯ್ಸ್ ಫ್ಯಾಂಟಮ್ 2 ಕಾರಿನಲ್ಲಿ ಚಾಲಕನು ಕುಳಿತಲ್ಲಿಯೇ ಒಂದು ಪೆಡಲ್ ಒತ್ತಿದರೆ ಸಣ್ಣ ಕೊಳವೆಗಳ ಮೂಲಕ ಚಾಸಿಯ ಕೀಲುಗಳಿಗೆ ಆಯಿಲ್ ಹೋಗುತ್ತಿತ್ತು. ಅನುಕೂಲವೇನೋ ದೊಡ್ಡದು. ಆದರೆ ಒಂದು ಕೊಳವೆ ಕಟ್ಟಿಕೊಂಡರೆ ಹೊರಗಿನಿಂದ ಯಾರಿಗೂ ತಿಳಿಯದು. ಪೆಡಲ್ ಒತ್ತಿದೆವೆಂಬ ಸಮಾಧಾನ ಇರುತ್ತದೆ. ಕೀಲು ಮಾತ್ರ ಒಣಗಿ ಸವೆಯುತ್ತಿರುತ್ತದೆ. ಪ್ರತಿಯೊಂದು ಕೀಲಿನ ಬಳಿ ಆಯಿಲಿನ ತೇವವಿದೆಯೇ ಎಂದು ಬೆರಳಿಟ್ಟು ನೋಡುವವನೇ ನಿಜವಾದ ಕೆಲಸಗಾರ.

1936ರಲ್ಲಿ ಬಂದ ಫ್ಯಾಂಟಮ್ 3 ಕಾರಿಗೆ ಹನ್ನೆರಡು ಸಿಲಿಂಡರಿನ ಇಂಜಿನ್ನು. ವಾಲ್ವುಗಳ ಸದ್ದಡಗಿಸಲು ಆಯಿಲಿನ ಒತ್ತಡದಿಂದ ನಡೆಯುವ ಟ್ಯಾಪೆಟ್ಟುಗಳನ್ನು ಅದಕ್ಕೆ ಇಟ್ಟಿದ್ದರು. ಇವು ಸ್ವಚ್ಛ ಆಯಿಲನ್ನು ಮಾತ್ರ ಸಹಿಸಬಲ್ಲವು. ಫಿಲ್ಟರನ್ನು ಅಲಕ್ಷಿಸಿದ ಕಡೆಗಳಲ್ಲಿ ಕಸ ಸೇರಿ ಟ್ಯಾಪೆಟ್ಟು ಸಿಕ್ಕಿಕೊಂಡು ಕ್ಯಾಮ್ ಸವೆಯಿತು. ಕೊನೆಗೆ ಕಂಪನಿಯವರೇ ಸಾಧಾರಣ ಗಟ್ಟಿ ಟ್ಯಾಪೆಟ್ಟುಗಳಿಗೆ ಮರಳಿದರು. ಕಾರು ದುಬಾರಿಯಾದಷ್ಟೂ ಗಟ್ಟಿಯೆಂಬುದು ತಪ್ಪು ತಿಳಿವಳಿಕೆ. ನಯವಾದ ಯಂತ್ರಕ್ಕೆ ಪಾಲನೆಯೂ ಅಷ್ಟೇ ನಯವಾಗಿರಬೇಕು.

ಇನ್ನೊಂದು ಉದಾಹರಣೆ ಜೀವಕ್ಕೆ ಸಂಬಂಧಿಸಿದ್ದು. 1965ರಲ್ಲಿ ಹೊರಬಂದ ಸಿಲ್ವರ್ ಶ್ಯಾಡೋ ಕಾರಿನ ಬ್ರೇಕುಗಳಿಗೆ ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲ್ ಬೇಕು. 1980ರ ಸಿಲ್ವರ್ ಸ್ಪಿರಿಟ್ ಕಾರಿಗೆ ಬೇಕಾದದ್ದು ಖನಿಜ ಎಣ್ಣೆ. ಒಂದರದನ್ನು ಇನ್ನೊಂದಕ್ಕೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಕೆಟ್ಟು ಬ್ರೇಕೇ ಹಿಡಿಯದಂತಾಗುತ್ತದೆ. ಕಂಪನಿ ಒಂದೇ, ನೋಟವೂ ಹತ್ತಿರ ಹತ್ತಿರ. ದ್ರವ ಮಾತ್ರ ಬೇರೆ. ಡಬ್ಬಿಯ ಮೇಲಿನ ಬರಹವನ್ನೂ ಟ್ಯಾಂಕಿನ ಮುಚ್ಚಳದ ಮೇಲಿನ ಬರಹವನ್ನೂ ಓದಿ ಹೋಲಿಸದೆ ಒಂದು ಹನಿಯನ್ನೂ ಹಾಕಬೇಡಿ. ಮೇಸ್ತ್ರಿ ಅವಸರ ಮಾಡಿದರೂ, ‘ಅಣ್ಣಾ, ಒಂದು ಸಲ ಓದಿ ನೋಡೋಣ’ ಎನ್ನಲು ಸಂಕೋಚ ಬೇಡ.

ಬ್ಯಾಟರಿಯ ವಿಷಯದಲ್ಲಿಯೂ ಇದೇ ಎಚ್ಚರ. ಯುದ್ಧಕಾಲದ ಜೀಪಿನ ವಿದ್ಯುತ್ತು 6 ವೋಲ್ಟಿನದು. ಇಂದಿನ 12 ವೋಲ್ಟನ್ನು ಕೊಟ್ಟರೆ ಬಲ್ಬುಗಳು ಸುಡುತ್ತವೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಜೋಡಿಸಿಕೊಂಡವು. ಇಂದಿನ ರೂಢಿಗೆ ಇದು ತದ್ವಿರುದ್ಧ.

3. ಇಂಜಿನ್ ನಿಂತಾಗ ವಿಚಾರಿಸುವ ಕ್ರಮ

ಹಳೆಯ ಪೆಟ್ರೋಲ್ ಇಂಜಿನ್ ನಡೆಯಲು ಮುಖ್ಯವಾಗಿ ಬೇಕಾದದ್ದು ಕಿಡಿ, ಪೆಟ್ರೋಲು, ಗಾಳಿ. ಇದೇ ಕ್ರಮದಲ್ಲಿ ನೋಡುವ ಅಭ್ಯಾಸವಿರಲಿ.

ಕಿಡಿಗಾಗಿ ಪ್ಲಗ್ಗನ್ನೂ ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನೂ ನೋಡಬೇಕು. ವಿಲ್ಲೀಸ್ ಯುದ್ಧ ಜೀಪಿನಲ್ಲಿ ಪಾಯಿಂಟಿನ ಅಂತರ 0.020 ಇಂಚು, ಪ್ಲಗ್ಗಿನ ಅಂತರ 0.030 ಇಂಚು. ಕಣ್ಣಂದಾಜು ಬೇಡ, ಫೀಲರ್ ಗೇಜಿನಿಂದ ಅಳೆಯಿರಿ. ಪೆಟ್ರೋಲಿನ ಡಬ್ಬಿ ತೆರೆದಿರುವ ಕಡೆ ಕಿಡಿಯ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

ಪೆಟ್ರೋಲಿನ ವಿಷಯದಲ್ಲಿ ಹೊಸ ಸಂಗತಿಗಳಿವೆ. ನಮ್ಮ ದೇಶದಲ್ಲಿ 2000ದಿಂದ ಸೀಸ ಬೆರೆತ ಪೆಟ್ರೋಲ್ ನಿಂತಿತು. ಆ ಸೀಸವೇ ಹಳೆಯ ವಾಲ್ವ್ ಸೀಟುಗಳಿಗೆ ರಕ್ಷೆಯಾಗಿತ್ತು. 2023ರಿಂದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಕಾರ್ಬೊರೇಟರ್ ಕಟ್ಟಿಕೊಂಡರೆ ಅದನ್ನು ತೊಳೆದು ಸುಮ್ಮನಾಗಬೇಡಿ. ಪೈಪು, ಟ್ಯಾಂಕು, ತೇವ ಮೂರನ್ನೂ ವಿಚಾರಿಸಿ. ಪೈಪು ಜಿನುಗಿ ಬೆಂಕಿ ಹತ್ತಿದರೆ ಕಾರಿನೊಂದಿಗೆ ಮನುಷ್ಯನೂ ಹೋಗಬಹುದು.

4. ನಮ್ಮ ಊರಿನ ಎರಡು ಶತ್ರುಗಳು

ಕೋಪರಖೈರಣೆಯ ಪಕ್ಕದಲ್ಲಿಯೇ ಠಾಣೆ ಖಾಡಿಯಿದೆ. ಉಪ್ಪು ತೇವದ ಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಕೆಸರು ಅಂಟಿ ನಿಂತ ಮೂಲೆಯಲ್ಲಿ ತುಕ್ಕು ಮೊದಲು ಹುಟ್ಟುತ್ತದೆ. ಆದುದರಿಂದ ಬಾಡಿಗೆ ಪಾಲಿಶ್ ಹಾಕುವ ಮೊದಲು ಚಾಸಿಯ ಅಡಿಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು.

ಎರಡನೆಯ ಶತ್ರು ಮಳೆಗಾಲದ ನೆರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಇಲ್ಲಿನ ಹಳಬರು ಮರೆತಿಲ್ಲ. ನೀರಿನಲ್ಲಿ ಮುಳುಗಿದ ವಾಹನವನ್ನು ‘ಒಂದು ಸಲ ನೋಡೋಣ’ ಎಂದು ಸ್ಟಾರ್ಟ್ ಮಾಡಬಾರದು. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿ ಬಿಡಿಸಿ, ಪ್ಲಗ್ಗುಗಳನ್ನು ತೆಗೆದು, ನೀರನ್ನು ಹೊರಹಾಕಿ, ಎಲ್ಲ ಆಯಿಲುಗಳನ್ನು ಬದಲಿಸಿದ ಮೇಲೆ ಮುಂದಿನ ಮಾತು.

5. ಗುಮಾಸ್ತರ ಪಾಲು

ಸ್ಪಾನರ್ ಹಿಡಿಯದವರಿಗೂ ಇಲ್ಲಿ ಕೆಲಸವಿದೆ. ಪ್ರತಿ ವಾಹನಕ್ಕೊಂದು ಪುಸ್ತಕವಿಟ್ಟು ದಿನಾಂಕ, ಓಡಿದ ಕಿಲೋಮೀಟರು, ಹಾಕಿದ ಆಯಿಲು, ಬದಲಿಸಿದ ಭಾಗ ಇವುಗಳ ಜೊತೆಗೆ ‘ಕಾರಣ’ ಎಂಬ ಒಂದು ಕಾಲಮನ್ನು ಗೀಚಿಕೊಳ್ಳಿರಿ. ಆ ಕಾಲಮು ಖಾಲಿ ಉಳಿದ ಬಿಲ್ಲಿನ ಬಗ್ಗೆ ಗ್ಯಾರೇಜಿನವರನ್ನು ವಿಚಾರಿಸಿರಿ. ಒಂದೇ ಭಾಗ ಆರು ತಿಂಗಳಲ್ಲಿ ಎರಡು ಸಲ ಬದಲಾಗಿದ್ದರೆ ಪುಸ್ತಕವೇ ಅದನ್ನು ಹೇಳುವುದು. ಟೈರಿನ ಮೇಲಿನ ನಾಲ್ಕು ಅಂಕಿಗಳನ್ನೂ ಬರೆದಿಡಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ.

ಹಳೆಯ ಕಾರುಗಳ ಕಾಗದಪತ್ರಗಳನ್ನು ನೋಡುವವರು 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತಿಳಿದಿರಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ಮತ್ತು ದ್ವಿಚಕ್ರಗಳು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟಿಲ್ಲದೆ ಮೂಲರೂಪದಲ್ಲಿದ್ದರೆ, ‘ವಿಂಟೇಜ್’ ಎಂದು ನೋಂದಣಿ ಪಡೆಯಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ ಎಂದೂ ಅವಧಿ 10 ವರ್ಷ ಎಂದೂ ಗೊತ್ತುಮಾಡಲಾಯಿತು. ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಕಾರಣಗಳಿಗೆ ಅವು ರಸ್ತೆಗಿಳಿಯಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಲ್ಲ. ಮೂಲ ಭಾಗವನ್ನು ಕಾರಣವಿಲ್ಲದೆ ಬಿಸಾಡುವ ಮೇಸ್ತ್ರಿ ಮಾಲೀಕನ ಈ ಹಕ್ಕಿಗೂ ಧಕ್ಕೆ ತರಬಲ್ಲನು.

6. ಮೈಮೇಲಿನ ಎಚ್ಚರ

ಊರಿನಲ್ಲಿ ನಮ್ಮ ಹಣದ ದಾರಿ ಕಾಯುವವರಿದ್ದಾರೆ. ಆದ್ದರಿಂದ ಈ ಮಾತುಗಳನ್ನು ಕೆಲಸದ ಸ್ಥಳದಲ್ಲಿ ಗಟ್ಟಿಯಾಗಿ ಓದಿ ಹೇಳಿರಿ. ಜಾಕು ಇರುವುದು ವಾಹನವನ್ನು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಗಟ್ಟಿ ಸ್ಟ್ಯಾಂಡು ಕೊಟ್ಟು, ಚಕ್ರಕ್ಕೆ ಅಡ್ಡಗಲ್ಲಿಟ್ಟ ಮೇಲೆಯೇ ಅಡಿಗೆ ಹೋಗಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಏಕೆಂದರೆ ಅದು ಪುಪ್ಪುಸಕ್ಕೆ ಸೇರಿ ವರ್ಷಗಳ ಮೇಲೆ ರೋಗ ತರುವುದು. ಬ್ಯಾಟರಿ ಚಾರ್ಜಾಗುವಲ್ಲಿ ಬೀಡಿ ಹಚ್ಚಬಾರದು.

ಹತ್ತನೆಯ ತರಗತಿ ಮುಗಿಸಿದ ತರುಣರಿಗೆ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ತರಬೇತಿಯಿದೆ. ಗ್ಯಾರೇಜಿನ ಅನುಭವಕ್ಕೆ ಆ ಪ್ರಮಾಣಪತ್ರ ಸೇರಿದರೆ ಒಳ್ಳೆಯದು. ಅದು ಸಾಧ್ಯವಾಗದವರು ಇಂದಿನಿಂದಲೇ ಒಂದು ಕಿರುಪುಸ್ತಕವಿಟ್ಟು, ದಿನಕ್ಕೊಂದು ದುರಸ್ತಿಯನ್ನು ಆರಿಸಿ ಮೂರು ಸಾಲು ಬರೆಯಲಿ: ಏನು ಕೆಟ್ಟಿತ್ತು, ಏಕೆ ಕೆಟ್ಟಿತು, ಮತ್ತೆ ಕೆಡದಂತೆ ಏನು ಮಾಡಿದೆವು. ಎರಡನೆಯ ಸಾಲಿಗೆ ಉತ್ತರ ತಿಳಿಯದ ದಿನ ಮೇಸ್ತ್ರಿಯನ್ನು ಕೇಳಲಿ. ವರ್ಷದ ಕೊನೆಗೆ ಆ ಪುಸ್ತಕವು ಅವರ ಕೈಯಲ್ಲಿರುವ ಯಾವ ಸ್ಪಾನರಿಗಿಂತಲೂ ಹೆಚ್ಚು ಬೆಲೆಬಾಳುವುದು.